ದಬ್ಬಳ ಹಿಡಿದವನ ಭಯ

ಹಾಸಿಗೆ ಹೊಲಿಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಗೇಣುದ್ದದ ದಬ್ಬಳವನ್ನು ಹತ್ತಿಯೊಳಗೆ ಚುಚ್ಚಿ ಆಚೆ ಎಳೆದೂ ಎಳೆದೂ ಒಂದು ದಿನ ಬಲಭುಜವೇ ಮುಷ್ಕರ ಹೂಡಿತು. ಅಂಗಿ ತೊಡಲೂ ಹೆಂಡತಿ ಬೇಕಾಯಿತು. ಮಾತ್ರೆ, ಎಣ್ಣೆ, ಶಾಖ ಎಲ್ಲ ಮುಗಿದ ಮೇಲೆ ಅವಳೇ ಅವನನ್ನು ಸೂಜಿ ಚಿಕಿತ್ಸೆಯ ಡಾಕ್ಟರಮ್ಮನ ಹತ್ತಿರ ಹೊರಡಿಸಿದಳು.

ದಿನವಿಡೀ ದಬ್ಬಳ ಹಿಡಿಯುವ ಈ ಗಂಡಸಿಗೆ ತನ್ನ ಮೈಗೆ ಸೂಜಿಯೆಂದರೆ ಜೀವ ಬಾಯಿಗೆ ಬರುತ್ತಿತ್ತು. ಅದನ್ನು ಯಾರ ಮುಂದೂ ಬಾಯಿಬಿಟ್ಟವನಲ್ಲ. ವರ್ಷಗಳ ಹಿಂದೆ ಹೆಂಡತಿ ಅರೆತಲೆನೋವಿನಿಂದ ಕಿಟಕಿ ಮುಚ್ಚಿಕೊಂಡು ನರಳುತ್ತಿದ್ದಾಗ, ಇದೇ ಡಾಕ್ಟರಮ್ಮನ ಹತ್ತಿರ ಜೊತೆಗೆ ಬರುತ್ತೀರಾ ಎಂದು ಕೇಳಿದ್ದಳು. ಬರಲು ಎದೆಗಾರಿಕೆ ಸಾಲದೆ, ಮಹಾಶಯ ಕೈಯಲ್ಲಿದ್ದ ದಬ್ಬಳವನ್ನೇ ಎತ್ತಿ ತೋರಿಸಿ, ಇಂಥದ್ದನ್ನು ನೆತ್ತಿಗೆ ಇಳಿಸುತ್ತಾರಂತೆ ಎಂದು ನಗಾಡಿದ್ದ. ಅವಳು ಮತ್ತೆ ಆ ಮಾತೆತ್ತಲಿಲ್ಲ. ತಲೆನೋವೂ ಅವಳನ್ನು ಬಿಡಲಿಲ್ಲ.

ಮಂಚದ ಮೇಲೆ ಬೋರಲು ಮಲಗಿದಾಗ ಅವನ ಎದೆ ಡವಗುಟ್ಟುತ್ತಿತ್ತು. ಹೆಂಡತಿ ಸ್ಟೂಲು ಎಳೆದುಕೊಂಡು ಅವನ ಎಡಗೈ ಹಿಡಿದು ಕೂತಳು. ಡಾಕ್ಟರಮ್ಮ ಊಟ ಮಾಡಿ ಬಂದಿದ್ದೀರಾ ಎಂದು ವಿಚಾರಿಸಿ ಸೂಜಿ ತೋರಿಸಿದರು. ಕೂದಲಿಗಿಂತ ತುಸು ದಪ್ಪ, ಮುಟ್ಟಿದರೆ ಬಾಗುವಂಥದ್ದು. ಚುಚ್ಚಿದ ಕಡೆ ಭಾರವೆನಿಸಬಹುದು, ಜುಮ್ಮೆನ್ನಬಹುದು, ತಡೆಯಲಾಗದಿದ್ದರೆ ಹೇಳಿ, ತೆಗೆದುಬಿಡುತ್ತೇನೆ ಎಂದರು. ಅವನು ಹಲ್ಲು ಕಚ್ಚಿಕೊಂಡು ಕಾದ. ಯಾವಾಗ ಚುಚ್ಚುತ್ತೀರಿ ಎಂದು ಕೇಳುವಷ್ಟರಲ್ಲಿ ನಾಲ್ಕಾರು ಸೂಜಿ ಇಳಿದಾಗಿತ್ತಂತೆ! ಇರುವೆ ಕಚ್ಚಿದಷ್ಟೂ ನೋವಿಲ್ಲ. ಆಮೇಲೆ ಭುಜದ ಆಳದಲ್ಲೊಂದು ಮಂದ ಭಾರ, ಸ್ವಲ್ಪ ಬಿಸಿ, ಅಷ್ಟೆ.

ಇಷ್ಟೇನಾ ಎಂದು ಮೊದಲು ನಗು ಬಂತು. ಹಿಂದೆಯೇ, ಇಷ್ಟಕ್ಕೆ ಹೆದರಿ ಅವಳನ್ನು ಎಷ್ಟು ವರ್ಷ ನರಳಿಸಿದೆನಲ್ಲ ಎಂದು ತನ್ನ ಮೇಲೆ ತನಗೇ ಅಸಹ್ಯವಾಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೇನು ಬಂತು?

ಸೂಜಿ ತೆಗೆದ ಡಾಕ್ಟರಮ್ಮ, ತಲೆ ತಿರುಗೀತು, ನಿಧಾನವಾಗಿ ಏಳಿ ಎಂದು ಹೇಳಿ ಹೊರಗೆ ಹೋದರು. ಹೆಂಡತಿ ಅಂಗಿ ತೊಡಿಸುತ್ತ ತುಂಬಾ ನೋವಾಯಿತಾ ಎಂದು ಕೇಳಿದಳು. ಹೌದೆಂದುಬಿಟ್ಟರೆ ತನ್ನ ಮಾನ ಉಳಿಯುತ್ತದೆ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಆದರೆ ನಾಲಿಗೆ ಹೊರಳಲಿಲ್ಲ.

"ಇಲ್ಲ ಕಣೆ, ಏನೂ ಆಗಲ್ಲ. ನಾಳೆನೇ ನಿನ್ನ ಕರ್ಕೊಂಡು ಬರ್ತೀನಿ."

ಅವಳು ತಲೆಯೆತ್ತದೆ ಅವನ ಅಂಗಿಯ ಗುಂಡಿ ಹಾಕಿದಳು.

"ಏನೂ ಆಗಲ್ಲ ಅಂತ ನಂಗೆ ಆಗ್ಲೇ ಗೊತ್ತಿತ್ತು, ಪಕ್ಕದ್ಮನೆ ಅಕ್ಕ ಹೇಳಿದ್ರು. ನೀವು ಹತ್ರ ಕೂತ್ಕೋತೀರಾ ಅಂತ ಕೇಳಿದ್ದೆ, ಅಷ್ಟೆ."