ದೋಸೆಹಿಟ್ಟಿನ ಸ್ವೆಟರಿಗೆ ಎರಡು ತೋಳು

೧

ಎಲ್ಲಿಂದ ಶುರು ಮಾಡಬೇಕು ಎಂಬುದೇ ಈ ಕಥೆಯ ಮೊದಲ ತಲೆನೋವು.

‘ಪದ್ಮಜಾ ಬಸುರಿಯಲ್ಲ’ ಎಂದು ಶುರು ಮಾಡಿದೆ. ವಾಕ್ಯ ಚಿಕ್ಕದು, ಸತ್ಯವಾದದ್ದು. ಆದರೆ ಓದಿದ ಕೂಡಲೇ ನಿಮ್ಮ ಹುಬ್ಬು ಮೇಲೇರಿದ್ದನ್ನು ನೋಡಿದೆ. ಯಾರೂ ಕೇಳದೆ ಇರುವಾಗ ಇವನೇಕೆ ಹೇಳುತ್ತಿದ್ದಾನೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಹೊಡೆದು ಹಾಕಿದೆ.

೧ (ಇನ್ನೊಮ್ಮೆ)

‘ಮಿಶಿಗನ್‌ನ ಟ್ರಾಯ್ ಊರಿನಲ್ಲಿ ಹಿಮವು ಹಿಂಜಿದ ಹತ್ತಿಯಂತೆ ಬೀಳುತ್ತಿತ್ತು…’

(ಬೇಡ. ಅಮೆರಿಕದಲ್ಲಿ ನಡೆಯುವ ಕನ್ನಡ ಕಥೆಗಳಲ್ಲಿ ಇದುವರೆಗೆ ಬಿದ್ದಿರುವ ಹತ್ತಿಯನ್ನೆಲ್ಲ ಗುಡ್ಡೆ ಹಾಕಿದರೆ ಮುಚ್ಚಿಹೋದ ಮಿಲ್ಲೊಂದನ್ನು ಮತ್ತೆ ತೆರೆಯಬಹುದು.)

೧ (ಇದೇ ಕೊನೆ)

ಓವನ್ನಿನ ಬಲ್ಬು ಸುಟ್ಟುಹೋಯಿತು.

ಇದು ಸರಿ. ಎಲ್ಲ ಶುರುವಾದದ್ದು ಅಲ್ಲಿಂದಲೇ. ಚಳಿ ದೇಶದಲ್ಲಿ ದೋಸೆ ಹುಯ್ಯುವವರಿಗೆ ಓವನ್ ಎಂದರೆ ಬೇಯಿಸುವ ಪೆಟ್ಟಿಗೆಯಲ್ಲ. ಬಲ್ಬು ಹಾಕಿ, ರುಬ್ಬಿದ ಹಿಟ್ಟನ್ನು ಒಳಗಿಟ್ಟು, ಬೆಳಗಾಗುವವರೆಗೆ ಬೆಚ್ಚಗೆ ಮಲಗಿಸುವ ಕೋಣೆ. ಪದ್ಮಜಾಳ ಮನೆಯಲ್ಲಿ ಆ ಬಲ್ಬು ಹೋದ ದಿನ ಹೊರಗೆ ಒಂಬತ್ತು ಡಿಗ್ರಿ ಫ್ಯಾರನ್‌ಹೀಟ್, ನಮ್ಮೂರ ಲೆಕ್ಕದಲ್ಲಿ ಸೊನ್ನೆಗಿಂತ ಹದಿಮೂರು ಕೆಳಗೆ. ಗಂಡ ಭಾನು ಹೊಸ ಬಲ್ಬು ಆರ್ಡರ್ ಮಾಡಿದ, ಬಂದದ್ದು ಫ್ರಿಜ್ಜಿನದು. ಹಿಟ್ಟು ರುಬ್ಬಿದ ಹಾಗೆಯೇ ಕೂತಿತ್ತು, ಒಂದು ಗುಳ್ಳೆಯೂ ಇಲ್ಲ.

ಆರು ವರ್ಷದ ಜಾನ್ವಿ, ಮೂರು ವರ್ಷದ ಆಶ್ರಿತ್ ಇಬ್ಬರೂ ಸೇರಿ ಆ ಹಿಟ್ಟಿಗೆ ಸ್ಟೀವ್ ಎಂದು ಹೆಸರಿಟ್ಟಿದ್ದರು. ಯಾಕೆ ಸ್ಟೀವ್ ಎಂದು ನನ್ನನ್ನು ಕೇಳಬೇಡಿ, ನಾನು ಬರೆಯಲು ಕೂರುವ ಮೊದಲೇ ಇಟ್ಟಾಗಿತ್ತು.

“ಅಮ್ಮಾ, ಇಸ್ ಸ್ಟೀವ್ ಡೆಡ್?” ಎಂದಳು ಜಾನ್ವಿ.

“ಇಲ್ಲ ಪುಟ್ಟಿ, ಚಳಿ ಆಗ್ತಿದೆ ಅವನಿಗೆ.”

“ದೆನ್ ಮೇಕ್ ಹಿಮ್ ಅ ಸ್ವೆಟರ್.”

ಪದ್ಮಜಾ ನಕ್ಕಳು. ಆಮೇಲೆ ನಗು ನಿಲ್ಲಿಸಿ ಯೋಚಿಸಿದಳು. ಮಕ್ಕಳಾಗುವ ಮೊದಲು ಆಕೆ ಎಂಜಿನಿಯರ್. ಕಾರಿನ ಸೀಟನ್ನು ಬೆಚ್ಚಗಿಡುವ ತಂತಿಗಳನ್ನು ಪರೀಕ್ಷೆ ಮಾಡುವುದೇ ಕೆಲಸವಾಗಿತ್ತು. ಕಾವು ಎಲ್ಲಿಂದ ಸೋರುತ್ತದೆ ಎಂಬುದು ಅವಳಿಗೆ ಗೊತ್ತು. ಹಸಿರು ಉಲ್ಲನ್ ಉಂಡೆ ಹೊರಗೆ ಬಂತು.

ಹೆಣಿಗೆ ಹೇಗೆ ಸಾಗಿತೆಂದು ಹೇಳಲೇಬೇಕು. ಒಂದು ಸಾಲು ಹೆಣೆಯುವಷ್ಟರಲ್ಲಿ ಸಾರು ಉಕ್ಕುತ್ತದೆ. ಸಾರು ಇಳಿಸಿ ಬರುವಷ್ಟರಲ್ಲಿ ಆಶ್ರಿತ್ ಉಂಡೆಯನ್ನು ಎತ್ತಿಕೊಂಡು ಡೈನಿಂಗ್ ಟೇಬಲ್ಲಿನ ಕಾಲುಗಳಿಗೆಲ್ಲ ಪ್ರದಕ್ಷಿಣೆ ಹಾಕಿರುತ್ತಾನೆ. ಅದನ್ನು ಬಿಡಿಸುವಷ್ಟರಲ್ಲಿ ಜಾನ್ವಿ ಕಡ್ಡಿಯಿಂದ ನಾಲ್ಕು ಕುಣಿಕೆ ಜಾರಿಸಿ “ಐ ಹೆಲ್ಪ್ಡ್” ಎನ್ನುತ್ತಾಳೆ. ಅದೇ ಕಡ್ಡಿಯಲ್ಲಿ ಪದ್ಮಜಾ ಆಲೂಗಡ್ಡೆ ಬೆಂದಿದೆಯೇ ಎಂದು ಚುಚ್ಚಿ ನೋಡುತ್ತಾಳೆ.

(“ಕಥೆಗಾರರೇ, ಆಲೂಗಡ್ಡೆ ವಿಷ್ಯ ಯಾಕ್ ಬರೆದ್ರಿ?” ಎಂದು ಪದ್ಮಜಾ ಈಗಷ್ಟೇ ಕೇಳಿದಳು. ವಾಸ್ತವತೆಗೆ ಎಂದೆ. “ಕಡ್ಡಿ ತೊಳೆದೆ ಅಂತಾನೂ ಬರೀರಿ, ವಾಸ್ತವತೆಗೆ.” ತೊಳೆದಳು.)

ಪಾತ್ರೆಗೆ ಎರಡು ಕಿವಿ, ಅಂದರೆ ಹಿಡಿಗಳು. ಅವು ಹೊರಗೆ ಬರಲಿ ಎಂದು ಸ್ವೆಟರಿನ ಎರಡು ಕಡೆಗೂ ಒಂದೊಂದು ಸೀಳು ಬಿಟ್ಟಳು. ಈ ಸೀಳುಗಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಇನ್ನೊಂದು ವಿಷಯ. ಅರ್ಧ ಗಂಟೆ ದಾರಿಯ ಲಿವೋನಿಯಾ ಊರಿನ ಒಂದು ಸಣ್ಣ ಕಂಪನಿಯಲ್ಲಿ ಅವಳದೇ ಹಳೆಯ ಕೆಲಸದಂಥ ಕೆಲಸ ಖಾಲಿಯಿತ್ತು. ಶುಕ್ರವಾರ ಹತ್ತು ಗಂಟೆಗೆ ಇಂಟರ್‌ವ್ಯೂ. ಆ ವಿಭಾಗದ ಮ್ಯಾನೇಜರ್ ವೆಂಕಟರಾಮು ಅಂಕಲ್ ಅವರೇ “ಅಪ್ಲೈ ಮಾಡಮ್ಮ” ಎಂದಿದ್ದರು. ಅವಳಿಗೆ ಆ ಕೆಲಸ ಬೇಕು. ಮನೆಯಲ್ಲಿ ದುಃಖವೇನೂ ಇರಲಿಲ್ಲ, ಮಕ್ಕಳ ಮೇಲೆ ಪ್ರಾಣ. ಆದರೂ ಬೇಕು. ಬಾಯಿಬಿಟ್ಟು ಹೇಳಿದರೆ ಎಲ್ಲಿ ಕೈತಪ್ಪುತ್ತದೋ ಎಂದು ಹೆದರುವಷ್ಟು ಬೇಕು.

೨

ಸಂಕ್ರಾಂತಿಯ ಪಾಟ್‌ಲಕ್, ಅಂದರೆ ಮನೆಗೊಂದು ಅಡುಗೆ ತಂದು ಎಲ್ಲರೂ ಸೇರಿ ಉಣ್ಣುವ ಊಟ, ವೆಂಕಟರಾಮು ಅಂಕಲ್ ಮನೆಯ ಬೇಸ್‌ಮೆಂಟಿನಲ್ಲಿ. ಪದ್ಮಜಾ ಮೂಲೆಯ ಸೋಫಾದಲ್ಲಿ ಕೂತು ಒಂದು ಕಣ್ಣು ಮಕ್ಕಳ ಮೇಲಿಟ್ಟು ಹೆಣೆಯುತ್ತಿದ್ದಳು. ಅಂಕಲ್ಲಿನ ಹೆಂಡತಿ ಕೌಸಲ್ಯಾ ಆಂಟಿ ಸಿಹಿ ಪೊಂಗಲ್ ಬಡಿಸುತ್ತ ಬಂದವರು ಅಲ್ಲೇ ನಿಂತರು.

“ಏನೇ ಅದು, ಇಷ್ಟ್ ಪುಟ್ಟದಾಗಿ?”

“ದೋಸೆಹಿಟ್ಟಿನ ಪಾತ್ರೆಗೆ ಆಂಟಿ.”

ಕೌಸಲ್ಯಾ ಆಂಟಿ ಸೀಳುಗಳನ್ನು ನೋಡಿದರು, ಪದ್ಮಜಾಳ ಮುಖ ನೋಡಿದರು. ಮೆತ್ತಗೆ ನಕ್ಕರು. “ಆಯ್ತು ಬಿಡು. ಪಾತ್ರೆಗೇ.” ತಟ್ಟೆಗೆ ಇನ್ನೊಂದು ಸೌಟು ಪೊಂಗಲ್ ಬಿತ್ತು.

“ಇಲ್ಲ ಆಂಟಿ, ನೀವ್ ಅಂದ್ಕೊಂಡಿರೋ ಥರ ಏನೂ ಇಲ್ಲ.”

ಕೆಟ್ಟದ್ದು ಇಲ್ಲಿಯೇ. ನಮ್ಮವರಲ್ಲಿ ಮೂರು ತಿಂಗಳು ತುಂಬುವವರೆಗೆ ಹೇಳುವ ಹಾಗಿಲ್ಲ. ಆದ್ದರಿಂದ ಬಸುರಿಯಾದವಳು ಇಲ್ಲ ಎನ್ನುತ್ತಾಳೆ. ಆಗದವಳೂ ಇಲ್ಲ ಎನ್ನುತ್ತಾಳೆ. ಎರಡಕ್ಕೂ ವ್ಯತ್ಯಾಸ ತಿಳಿಯದ ಕಾರಣ, ಅನುಭವಸ್ಥರು ಇಲ್ಲ ಎಂದವಳನ್ನೆಲ್ಲ ಬಸುರಿ ಎಂದೇ ಹಿಡಿಯುತ್ತಾರೆ. ಹೌದು ಎಂದರೆ ಹೌದು, ಇಲ್ಲ ಎಂದರೆ ಖಂಡಿತ ಹೌದು.

“ನಾನ್ ಯಾರ್ಗೂ ಹೇಳಲ್ಲ,” ಎಂದರು ಆಂಟಿ, ಪಕ್ಕದ ಸೋಫಾದವರಿಗೂ ಕೇಳುವ ಹಾಗೆ. “ಆದ್ರೆ ಮಗು ಹುಟ್ಟೋಕ್ ಮುಂಚೆ ಹೆರೋಳು ತನ್ ಕೈಯಾರೆ ಹೆಣೀಬಾರ್ದು ಕಣೆ. ಕೊಡಿಲ್ಲಿ, ನನ್ ಹತ್ರ ಇರ್ಲಿ.”

ಉಂಡೆ, ಕಡ್ಡಿ, ಮುಕ್ಕಾಲು ಸ್ವೆಟರು ಎಲ್ಲವೂ ಆಂಟಿಯ ಬಗಲು ಸೇರಿದವು. ಅವರ ಕೈಯಿಂದ ಏನನ್ನಾದರೂ ವಾಪಸು ಕಿತ್ತುಕೊಂಡವರು ಟ್ರಾಯ್‌ನಲ್ಲಿ ಇದುವರೆಗೆ ಇಲ್ಲ.

೩

ಮಾರನೆಯ ಬೆಳಿಗ್ಗೆ ಎಂಟಕ್ಕೆ ಮುನ್ನೂರು ಮೈಲಿ ಆಚೆಯ ನೇಪರ್‌ವಿಲ್‌ನಿಂದ ಪದ್ಮಜಾಳ ಅಕ್ಕ ರೇಣು ಫೋನ್ ಮಾಡಿದಳು.

“ನಾನ್ ಕಂಗ್ರಾಟ್ಸ್ ಹೇಳಲ್ಲ ಬಿಡು. ಮೂರ್ ತಿಂಗಳಾಗ್ಲಿ.”

“ಅಕ್ಕಾ, ಏನೂ ಇಲ್ಲ ಕಣೆ.”

“ಅದೇ, ಅದೇ. ಹಾಗೇ ಹೇಳ್ಬೇಕು.”

ಸಂಜೆ ಭಾನು ಆಫೀಸಿನಿಂದ ಬಂದವನು ಬಾಗಿಲಲ್ಲೇ ಬೂಟಿನ ಹಿಮ ಕೊಡವುತ್ತ ನಿಂತ. ಮುಖ ಸಪ್ಪಗಿತ್ತು. “ನಂಗಾದ್ರೂ ಮೊದ್ಲು ಹೇಳ್ಬಹುದಿತ್ತು.”

“ಭಾನು, ಅದು ಪಾತ್ರೆಗೆ. ಅಳತೆ ತಗೊಳ್ಳುವಾಗ ಟೇಪ್ ಹಿಡ್ಕೊಂಡಿದ್ದು ನೀನು.”

“ಹೌದು,” ಎಂದ. ಇನ್ನೊಂದು ಬೂಟನ್ನೂ ಕೊಡವಿ, “ಆದ್ರೂ,” ಎಂದ.

ಆ ‘ಆದ್ರೂ’ ಕೇಳಿ ಪದ್ಮಜಾಳಿಗೆ ಅಳು ಬಂತು, ಅಳುವಿನ ಜೊತೆಗೇ ನಗುವೂ ಬಂತು. ತನ್ನ ಹೊಟ್ಟೆಯ ಬಗ್ಗೆ ತನಗಿಂತ ಊರಿಗೆ ಹೆಚ್ಚು ನಂಬಿಕೆ ಎನಿಸಿತು. ಬಚ್ಚಲುಮನೆಗೆ ಹೋಗಿ ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ಒಮ್ಮೆ ನೋಡಿಕೊಂಡಳು ಕೂಡ.

(ಏನೂ ಇರಲಿಲ್ಲ. ನೀವೂ ನಂಬುತ್ತಿಲ್ಲ, ಅಲ್ಲವೇ?)

೪

ಬುಧವಾರ ವೆಂಕಟರಾಮು ಅಂಕಲ್ ಫೋನ್. ತುಂಬಾ ಒಳ್ಳೆಯ ಮನುಷ್ಯ, ಅದೇ ತೊಂದರೆ.

“ಶುಕ್ರವಾರ ಬರೋಕ್ ಹೋಗ್ಬೇಡಮ್ಮ. ಅರ್ಜೆಂಟ್ ಏನಿಲ್ಲ. ಎಲ್ಲಾ ಆರಾಮಾಗಿ ಮುಗಿಸ್ಕೋ. ಮುಂದಿನ ವರ್ಷ ನೋಡೋಣ.”

“ಏನ್ ಮುಗಿಸ್ಕೊಳ್ಳೋದು ಅಂಕಲ್?”

“ಅದೆಲ್ಲಾ ನಾನ್ ಮಾತಾಡ್ಬಾರ್ದಮ್ಮ, ನಿಮ್ ಆಂಟಿ ಬೈತಾಳೆ,” ಎಂದು ಫೋನ್ ಇಟ್ಟರು.

ಪದ್ಮಜಾ ಸೀದಾ ನನ್ನ ಹತ್ತಿರ ಬಂದಳು. ಕೈಯಲ್ಲಿ ಸೌಟು, ಸೊಂಟದ ಮೇಲೆ ಆಶ್ರಿತ್.

“ಕಥೆಗಾರರೇ, ನೀವಾದ್ರೂ ಬರೆದ್ಬಿಡಿ, ನಾನು ಬಸುರಿ ಅಲ್ಲ ಅಂತ. ಪ್ರಿಂಟ್ ಆದ್ಮೇಲೆ ನಂಬ್ತಾರೆ.”

“ಬರೆದಿದ್ದೆನಮ್ಮಾ, ಮೊದಲ ವಾಕ್ಯದಲ್ಲೇ. ಯಾರೂ ನಂಬಲಿಲ್ಲ.”

“ಹಾಗಾದ್ರೆ ಬಲ್ಬು ಸುಡದೇ ಇರೋ ಹಾಗೆ ಮಾಡಿ.”

“ಬಲ್ಬು ಸುಡದಿದ್ದರೆ ಕಥೆಯೇ ಇಲ್ಲ.”

“ನಿಮ್ಗೆ ಕಥೆ ಹೋಗುತ್ತೆ. ನಂಗೆ ಕೆಲ್ಸ ಹೋಗ್ತಿದೆ,” ಎಂದಳು. ನಾನು ಅವಸರದಲ್ಲಿ ಅಧ್ಯಾಯದ ಸಂಖ್ಯೆ ಬದಲಿಸಿದೆ.

೫

ಆ ದಿನವೇ ಸಂಜೆ ಕೌಸಲ್ಯಾ ಆಂಟಿ ಬಂದು ಕಡ್ಡಿ, ಉಳಿದ ಉಂಡೆಯ ಜೊತೆಗೆ ಸ್ವೆಟರು ಕೊಟ್ಟರು. ಮುಗಿಸಿದ್ದರು. “ಹೆರೋಳು ಹೆಣೀಬಾರ್ದು, ಬೇರೆಯವ್ರು ಹೆಣೀಬಹುದು,” ಎಂದು ಶಾಸ್ತ್ರವನ್ನೂ ತಾವೇ ತಿದ್ದಿಕೊಂಡಿದ್ದರು. “ತೋಳೇ ಮರ್ತಿದ್ದೆಯಲ್ಲೇ. ಈ ಟೈಮಲ್ಲಿ ಮರೆವು ಸಹಜ.”

ಪದ್ಮಜಾ ಬಿಟ್ಟಿದ್ದ ಸೀಳುಗಳಿಗೆ ಎರಡು ಪುಟ್ಟ ತೋಳು ಬಂದಿದ್ದವು, ತುದಿಯಲ್ಲಿ ಹಳದಿ ಪಟ್ಟಿ. ಬಹಳ ಚೆನ್ನಾಗಿ ಹೆಣೆದಿದ್ದರು. ಅದನ್ನು ನೋಡಿ ಪದ್ಮಜಾಳಿಗೆ ಆಂಟಿಯ ಮೇಲಿನ ಸಿಟ್ಟು ಅರ್ಧ ಇಳಿಯಿತು, ಉಳಿದರ್ಧವನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

ಅಂದು ಮತ್ತೆ ರುಬ್ಬಿದ ಹಿಟ್ಟೂ ತಣ್ಣಗೆ ಕೂತಿತ್ತು. ಬೇರೆ ದಾರಿಯಿಲ್ಲದೆ ಅದನ್ನೇ ತೊಡಿಸಿದಳು. ಸ್ಟೀಲ್ ಪಾತ್ರೆ ತೋಳು ಇಳಿಬಿಟ್ಟುಕೊಂಡು ಅಡುಗೆಕಟ್ಟೆಯ ಮೇಲೆ ನಿಂತಿತು. ಆಶ್ರಿತ್ ಅದರ ತೋಳು ಹಿಡಿದು ಹ್ಯಾಂಡ್‌ಶೇಕ್ ಮಾಡಿ ಗುಡ್ ನೈಟ್ ಹೇಳಿ ಮಲಗಲು ಹೋದ.

ಗುರುವಾರ ಬೆಳಿಗ್ಗೆ ಪದ್ಮಜಾ ತಾನೇ ಅಂಕಲ್ಲಿಗೆ ವಿಡಿಯೋ ಕಾಲ್ ಮಾಡಿದಳು. ಅವರು ಅಂದು ಮನೆಯಿಂದಲೇ ಕೆಲಸ.

“ಅಂಕಲ್, ನೇರವಾಗಿ ಹೇಳ್ತೀನಿ. ನಾನು ಬಸುರಿ ಅಲ್ಲ. ಆ ಸ್ವೆಟರ್ ಹಿಟ್ಟಿನ ಪಾತ್ರೆಗೆ. ನೋಡಿ, ಹಿಂದೆ ಇದೆಯಲ್ಲ.”

ಅಂಕಲ್ ಕನ್ನಡಕ ಸರಿಮಾಡಿಕೊಂಡು ನೋಡಿದರು. ಅದೇ ಗಳಿಗೆಗೆ ಸ್ಟೀವ್ ಎದ್ದ. ಮುಚ್ಚಳ ಮೆಲ್ಲಗೆ ಮೇಲೆದ್ದಿತು, ಕತ್ತಿನ ಪಟ್ಟಿಯಿಂದ ಬಿಳಿಯ ನೊರೆ ಉಕ್ಕಿ ಹಸಿರು ಎದೆಯ ಮೇಲೆ ಇಳಿಯಿತು, ತೋಳಿನೊಳಗೂ ತುಂಬಿತು. ಬಲದ ತೋಳು ನಿಧಾನವಾಗಿ ಉಬ್ಬಿ, ಅಂಕಲ್ಲಿಗೆ ಕೈ ಮಾಡಿದ ಹಾಗೆ ಎದ್ದು ನಿಂತಿತು.

“ಸ್ಟೀವ್ ಇಸ್ ಅಪ್!” ಎಂದು ಮಕ್ಕಳಿಬ್ಬರೂ ಕುಣಿದರು.

“ಅರೆ, ದೋಸೆಹಿಟ್ಟು,” ಎಂದರು ಅಂಕಲ್. “ಕೌಸಲ್ಯಾ, ಇಲ್ ಬಾ. ನಿಜ್ವಾಗ್ಲೂ ದೋಸೆಹಿಟ್ಟು ಕಣೆ.”

ಆಂಟಿ ಪರದೆಯೊಳಕ್ಕೆ ಬಂದರು. ಪದ್ಮಜಾ ಆಗ ನೆಲದ ಮೇಲೆ ಬಿದ್ದ ಹಿಟ್ಟನ್ನು ಒರೆಸುತ್ತಿದ್ದಳು.

“ಅಯ್ಯೋ, ಹಾಗ್ ಬಗ್ಬೇಡ ಕಣೆ,” ಎಂದರು ಆಂಟಿ. “ಭಾನು ಒರೆಸ್ತಾನೆ, ಬಿಡು.”

೬

ಈಗ ಅಂತ್ಯ. ಮೂರು ಸಿದ್ಧಪಡಿಸಿದ್ದೇನೆ.

ಒಂದನೆಯ ಅಂತ್ಯ: ಅಂಕಲ್ಲಿಗೆ ಅರ್ಥವಾಗುತ್ತದೆ, ಪದ್ಮಜಾಳಿಗೆ ಕೆಲಸ ಸಿಗುತ್ತದೆ, ಎಲ್ಲರೂ ದೋಸೆ ತಿನ್ನುತ್ತಾರೆ. ಪದ್ಮಜಾಳಿಗೆ ಓದಿ ಹೇಳಿದೆ. “ಅಂಕಲ್ ಮನೇಲಿ ಅಂಕಲ್ ಮಾತು ನಡೆಯುತ್ತೆ ಅಂತ ಯಾರ್ ಹೇಳಿದ್ರು ನಿಮ್ಗೆ?” ಎಂದಳು.

ಎರಡನೆಯ ಅಂತ್ಯ: ಒಂಬತ್ತು ತಿಂಗಳು ಸುಮ್ಮನಿದ್ದು ಕಾಯುವುದು. ಮಗು ಬರುವುದಿಲ್ಲ. ಆಂಟಿ ಕಣ್ಣು ತುಂಬಿಕೊಂಡು ಬರುತ್ತಾರೆ, “ಬೇಜಾರ್ ಮಾಡ್ಕೋಬೇಡ” ಎಂದು ಕೈ ಹಿಡಿಯುತ್ತಾರೆ. ಇದನ್ನು ಕೇಳಿ ಪದ್ಮಜಾ ನಗಲಿಲ್ಲ. ಮಗು ಕಳೆದುಕೊಂಡು ಹಾಗೆ ನಿಜವಾಗಿ ಕೈ ಹಿಡಿಸಿಕೊಂಡವರು ಅವಳಿಗೆ ಗೊತ್ತು. “ಇದನ್ನ ತೆಗೀರಿ,” ಎಂದಳು. ತೆಗೆದೆ. (ತೆಗೆದದ್ದನ್ನೇ ನೀವು ಓದಿದಿರಿ.)

ಮೂರನೆಯ ಅಂತ್ಯ: ಅವಳು ನಿಜವಾಗಿಯೂ ಬಸುರಿಯಾಗುತ್ತಾಳೆ. ಎಲ್ಲರ ಮಾತೂ ನಿಜ, ಸ್ವೆಟರೂ ದಂಡವಲ್ಲ, ಕಥೆ ಚೊಕ್ಕವಾಗಿ ಮುಗಿಯುತ್ತದೆ. ನಾನು ‘ಒಂದು ದಿನ ಪದ್ಮಜಾಳಿಗೆ ಸಾರಿನ ವಾಸನೆ’ ಎಂಬಲ್ಲಿಯವರೆಗೆ ಬರೆದಿದ್ದೆ. ಅವಳು ಹೆಣಿಗೆ ಕಡ್ಡಿ ಎತ್ತಿಕೊಂಡಳು. ಆಲೂಗಡ್ಡೆಗೆ ಚುಚ್ಚುವ ಕಡ್ಡಿ.

“ಪೆನ್ನು ಕೆಳಗಿಡಿ,” ಎಂದಳು.

ಇಟ್ಟೆ.

೭

ಶುಕ್ರವಾರ. ಹಿಮದಿಂದಾಗಿ ಜಾನ್ವಿಯ ಸ್ಕೂಲಿಗೆ ರಜೆ. ಭಾನು ಆಫೀಸಿಗೆ ಹೋಗಿಯಾಗಿದೆ. ಪದ್ಮಜಾ ಹಳೆಯ ಕಪ್ಪು ಬ್ಲೇಜರ್ ಹಾಕಿಕೊಂಡು, ಕಾರಿನ ಕೀ ಹಿಡಿದು ಕೆಳಗೆ ಬಂದಳು.

“ಎಲ್ಲಿಗೆ?” ಎಂದೆ. ಇದನ್ನು ನಾನು ಬರೆದಿರಲಿಲ್ಲ.

“ಲಿವೋನಿಯಾ. ಹತ್ತಕ್ಕೆ ಇಂಟರ್‌ವ್ಯೂ ಅಂತ ಕಾಗ್ದದಲ್ಲಿದೆ. ಬರ್ಬೇಡ ಅಂತ ಫೋನಲ್ಲಿ ಹೇಳಿರೋದು. ಹೋಗಿ ಎದುರಿಗೆ ಕೂತ್ಕೋತೀನಿ. ಇಲ್ಲ ಅನ್ನೋ ಹಾಗಿದ್ರೆ ನಂಗೆ ಕೆಲ್ಸ ಬರಲ್ಲ ಅಂತ ಹೇಳಿ ಇಲ್ಲ ಅನ್ಲಿ.”

“ಮಕ್ಕಳು?”

ಅವಳು ಸೌಟನ್ನು ನನ್ನ ಕೈಗೆ ಕೊಟ್ಟಳು. “ನೀವ್ ಹೇಗಿದ್ರೂ ಮನೇಲೇ ಇರ್ತೀರಲ್ಲ. ಕೂತ್ಕೊಂಡು ಬರೀತಿರ್ತೀರಿ, ಅಷ್ಟೇ ತಾನೇ? ಹಿಟ್ಟಿಗೆ ಉಪ್ಪು ಹಾಕಿಲ್ಲ. ಜಾನ್ವಿಗೆ ಅಂಚು ಗರಿಗರಿ ಇರ್ಬೇಕು, ಆಶ್ರಿತ್‌ಗೆ ಇರ್ಬಾರ್ದು. ಸ್ಟೀವ್‌ನ ಪೂರ್ತಿ ಖಾಲಿ ಮಾಡ್ಬೇಡಿ, ಅಳ್ತಾರೆ.”

ಗರಾಜಿನ ಬಾಗಿಲು ಮೇಲೆದ್ದು ಇಳಿದ ಸದ್ದು. ಕಾರು ಹೊರಟಿತು.

ಅವಳ ಹಿಂದೆ ಹೋಗಬೇಕು, ಅದು ಕಥೆಗಾರನ ಧರ್ಮ. ಇನ್ನು ಸ್ವಲ್ಪ ಹೊತ್ತಿಗೆ ಅವಳು ಫ್ರೀವೇ ಹತ್ತಿ ಪಶ್ಚಿಮಕ್ಕೆ ತಿರುಗುತ್ತಾಳೆ, ಲಿವೋನಿಯಾದ ಎಕ್ಸಿಟ್ ತೆಗೆದುಕೊಳ್ಳುತ್ತಾಳೆ, ಒಂದು ಬಾಗಿಲು ತಟ್ಟುತ್ತಾಳೆ. ಒಳಗೆ ಏನಾಗುತ್ತದೆ ಎಂದು ತಿಳಿಯಲು ನಿಮಗಿಂತ ನನಗೆ ಹೆಚ್ಚು ಆತುರ. ಬೂಟಿಗೆ ಕಾಲು ತೂರಿಸಿದೆ. ಅಷ್ಟರಲ್ಲಿ ಆಶ್ರಿತ್ ಹಸಿರು ಉಲ್ಲನ್ನಿನಲ್ಲಿ ನನ್ನ ಕಾಲನ್ನೂ ಟೇಬಲ್ಲಿನ ಕಾಲನ್ನೂ ಸೇರಿಸಿ ಸುತ್ತಿದ್ದ. ಮೊದಲ ದೋಸೆ ಹೆಂಚಿಗೆ ಕಚ್ಚಿಕೊಂಡು ಹೊಗೆಯಾಡತೊಡಗಿತು. ಫೋನ್ ಬಡಿದುಕೊಂಡಿತು.

“ಪದ್ಮಜಾ ಎಲ್ಲೋ?” ಎಂದರು ಕೌಸಲ್ಯಾ ಆಂಟಿ. ನಾನು ಯಾರೆಂದೂ ಕೇಳಲಿಲ್ಲ.

“ಲಿವೋನಿಯಾಗೆ ಹೋಗಿದ್ದಾರೆ.”

“ಡಾಕ್ಟರ್ ಹತ್ರಾನಾ?”

“ಅಲ್ಲ.”

“ಗೊತ್ತಾಯ್ತು ಬಿಡು,” ಎಂದು ಇಟ್ಟರು.

“ವೇರ್ ಇಸ್ ಅಮ್ಮ?” ಎಂದಳು ಜಾನ್ವಿ, ತಟ್ಟೆ ಬಡಿಯುತ್ತ. “ಡಿಡ್ ಶಿ ಗೆಟ್ ದ ಜಾಬ್?”

ನನಗೂ ಗೊತ್ತಿಲ್ಲ ಮಗಳೇ. ಹೋಗಿ ನೋಡಿಬರಬಹುದಿತ್ತು. ಒಲೆ ಉರಿಯುತ್ತಿದೆ, ನಿಮ್ಮಿಬ್ಬರನ್ನೂ ಬಿಟ್ಟು ಹೋಗುವ ಹಾಗಿಲ್ಲ.