ಗಂಟಿಲ್ಲದ ನೂಲು

ಕೈನೂಲಿಗೆ ಮರುಜೀವ ಕೊಡುತ್ತೇವೆಂದು ಬಂದ ಸಾಹೇಬರು ಮೊದಲು ಮಾಡಿದ ಕೆಲಸವೆಂದರೆ ನೂಲಜ್ಜಿಯ ನೂಲನ್ನು ಪಕ್ಕಕ್ಕೆ ಎಸೆದದ್ದು.

ನಲವತ್ತು ವರ್ಷ ರಾಟೆ ತಿರುಗಿಸಿದ ಕೈ ಅದು. ಎಳೆ ಈ ತುದಿಯಿಂದ ಆ ತುದಿಗೆ ಒಂದೇ ಸಮ. ಸಾಹೇಬರು ಭೂತಗನ್ನಡಿ ಹಿಡಿದು ಗಂಟು ಹುಡುಕಿದರು. ಒಂದೂ ಸಿಗಲಿಲ್ಲ, ಅದೇ ಅವಳ ತಪ್ಪಾಯಿತು.

"ಇದು ಮಿಲ್ಲಿನ ನೂಲು ಕಣಮ್ಮ. ಕೈನೂಲು ಅಂದ್ರೆ ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ಸಣ್ಣ ಇರ್ಬೇಕು. ಪೇಟೆ ಜನ ಗಂಟು ಮುಟ್ಟಿ ನೋಡೇ ತಗೊಳ್ಳೋದು."

"ಗಂಟು ಬಂದ್ರೆ ನಮ್ಮತ್ತೆ ಬೆರಳಿಗೆ ಹೊಡೀತಿದ್ರು, ಸ್ವಾಮಿ."

"ಅದು ಹಳೇ ಕಾಲ. ಈಗ ನಾವು ಪರಂಪರೆ ಉಳಿಸ್ತಾ ಇದ್ದೀವಿ."

ನಗಬೇಕೋ ಅಳಬೇಕೋ ತಿಳಿಯದೆ ಅಜ್ಜಿ ಅಲ್ಲೇ ಕೂತಳು. ಹಿಂಜಿದ ಹತ್ತಿಯ ಸುರುಳಿ, ಹಂಜಿ, ಒಂದನ್ನು ಕೈಗೆತ್ತಿಕೊಂಡು ಅವರ ಕಣ್ಣೆದುರೇ ಪೂರ್ತಿ ನೂತು ತೋರಿಸಿದಳು. ಸಾಹೇಬರು ರೆಪ್ಪೆ ಮಿಟುಕಿಸದೆ ನೋಡಿದರು.

"ನೀವು ಕೈಯಲ್ಲೇ ನೂತಿದ್ದು ನಾನು ಕಂಡೆ. ಆದ್ರೆ ನೂಲಲ್ಲಿ ಅದು ಕಾಣ್ತಿಲ್ವಲ್ಲ."

ಜೊತೆಗೆ ಬಂದಿದ್ದ ಗುಮಾಸ್ತ ಹೌದು ಹೌದೆಂದು ತಲೆಯಾಡಿಸಿದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ಅವನು.

'ಅಪ್ಪಟ ಕೈನೂಲು' ಎಂಬ ಚೀಟಿ ಸಿಗದವರಿಗೆ ಮುಂದಿನ ತಿಂಗಳಿಂದ ಹಂಜಿ ಇಲ್ಲವಂತೆ. ಹಂಜಿ ಇಲ್ಲದಿದ್ದರೆ ರಾಟೆ ಅಟ್ಟಕ್ಕೆ. ಅವಳ ನೂಲನ್ನೇ ನಂಬಿ ನೇಯುವ ಗಂಡನ ಮಗ್ಗಕ್ಕೂ ಬೀಗ.

ಅಪ್ಪಟ ಕೈನೂಲಿಗೆಂದು ಸಾಹೇಬರು ಇಟ್ಟಿದ್ದ ಮೊದಲ ಬಹುಮಾನ ಯಾರಿಗೆ ಬಂತು ಗೊತ್ತೇ? ಅವಳ ಸೊಸೆಗೆ. ಸೊಸೆ ರಾಟೆ ಮುಟ್ಟಿ ಮೂರು ತಿಂಗಳು. ಅವಳ ನೂಲು ಇಲಿ ನುಂಗಿದ ಹಾವಿನ ಹಾಗೆ ಅಲ್ಲಲ್ಲಿ ಉಬ್ಬಿತ್ತು. ಸಾಹೇಬರು ಅದನ್ನು ಕೆನ್ನೆಗೊತ್ತಿಕೊಂಡು ಅವಳನ್ನು ತರಬೇತಿಗೆ ಗುರುವಾಗಿ ನೇಮಿಸಿದರು. ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದಳಂತೆ. ಇಲ್ಲಿ ಆ ಭಾಗ್ಯ ಸೊಸೆಯದು.

ಪಾಪ, ಹುಡುಗಿ ಒಳ್ಳೆಯವಳು. "ಅತ್ತೆ, ನೂಲುವಾಗ ಬೇರೇನಾದ್ರೂ ಯೋಚ್ನೆ ಮಾಡಿ. ನಾನು ಒಲೆ ಮೇಲಿರೋ ಹಾಲು ನೆನೆಸ್ಕೊತೀನಿ. ಗಂಟು ತಾನಾಗೇ ಬರುತ್ತೆ" ಎಂದಳು.

ಅಜ್ಜಿ ಹಾಲು ನೆನೆಸಿಕೊಂಡಳು. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು, ಎಳೆ ಮಾತ್ರ ಸಮ. ಒಂಬತ್ತು ದಿನ ಹೀಗೇ ಕಳೆಯಿತು. ಹತ್ತನೆಯ ದಿನ ಕೈಯನ್ನು ಬೇಕೆಂದೇ ತಡವರಿಸಿ ಒಂದು ಗಂಟು ಹಾಕಿದಳು. ಸೊಸೆ ಚಪ್ಪಾಳೆ ತಟ್ಟಿದಳು. ತನ್ನತ್ತೆಯ ಪೆಟ್ಟು ಈಗಲೂ ಬಿದ್ದೀತೇನೋ ಎಂದು ಅಜ್ಜಿ ಬೆರಳು ಮಡಚಿಕೊಂಡಳು.

ಚೀಟಿ ಸಿಕ್ಕಿತು, ಹಂಜಿಯೂ ಬಂತು. ಒಂದು ವರ್ಷ ಪೂರ್ತಿ ಅಜ್ಜಿ ಕೆಟ್ಟದಾಗಿ ನೂತಳು. ಗಂಡನ ಮಗ್ಗದಲ್ಲಿ ಎಳೆ ಗಳಿಗೆಗೊಮ್ಮೆ ತುಂಡಾಗುತ್ತಿತ್ತು. ಅವನು ಗೊಣಗುತ್ತಾ ಜೋಡಿಸುತ್ತಿದ್ದ, ಅವಳು ಕೇಳಿಸದವಳಂತೆ ರಾಟೆ ತಿರುಗಿಸುತ್ತಿದ್ದಳು.

ಅಷ್ಟರಲ್ಲಿ ಸಾಹೇಬರಿಗೆ ವರ್ಗವಾಯಿತು. ಹೊಸ ಸಾಹೇಬರು ಅಜ್ಜಿಯ ನೂಲಿನ ಲಡಿ ಬಿಚ್ಚಿ ನೋಡಿ ಮುಖ ಸಿಂಡರಿಸಿದರು.

"ಏನಿದು, ಬರೀ ಗಂಟು? ಪೇಟೆಗೆ ನಯವಾದ ನೂಲು ಬೇಕು."

ಗುಮಾಸ್ತ ತಲೆಯಾಡಿಸಿದ. ಅಜ್ಜಿಗೆ ಕುಣಿಯುವಷ್ಟು ಖುಷಿಯಾಯಿತು. "ಒಂದು ಗಳಿಗೆ ಕೂತ್ಕೊಳ್ಳಿ ಸ್ವಾಮಿ, ನಯ ಅಂದ್ರೇನು ಅಂತ ತೋರಿಸ್ತೀನಿ" ಎಂದು ಸೆರಗು ಸಿಕ್ಕಿಸಿಕೊಂಡು ರಾಟೆ ಮುಂದೆ ಕೂತಳು.

ಎಳೆ ಮೊಳದುದ್ದ ಬಂತು, ಅದರ ನಡುವೆ ಗಂಟು. ಹರಿದೆಸೆದು ಮತ್ತೆ ಎಳೆದಳು. ಮತ್ತೆ ಗಂಟು. ಉಸಿರು ಬಿಗಿಹಿಡಿದು, ಹಾಲು ಒಲೆ ಎಲ್ಲ ಮರೆತು, ಮೂರನೆಯ ಸಲ ಎಳೆದಳು. ಬೆರಳು ತಾನಾಗಿಯೇ ತಡವರಿಸಿತು. ಕಣ್ಣಲ್ಲಿ ನೀರು ತುಂಬಿ ಎಳೆಯೇ ಕಾಣದಾಯಿತು.

ಹೊಸ ಸಾಹೇಬರಿಗೆ ಕನಿಕರವಾಯಿತು. ಬಗ್ಗಿ, ಅವಳ ಭುಜ ತಟ್ಟಿದರು.

"ಅಳಬೇಡಿ ಅಜ್ಜಿ. ಹೊಸಬರಿಗೆ ಮೊದಮೊದಲು ಹಾಗೇ ಆಗೋದು."