ಶಟ್ಟೆವ್ವನ ಉತ್ತರ

ನನ್ನ ಬಾಯಿ ಬಲು ಕೆಟ್ಟದ್ದು. ಬೈಲಹೊಂಗಲದ ನಮ್ಮ ಆಫೀಸಿನಲ್ಲಿ ಇದನ್ನು ಯಾರೂ ಅಲ್ಲಗಳೆಯುವುದಿಲ್ಲ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸ. ಹದಿನಾಲ್ಕು ವರ್ಷ ಅದನ್ನೇ ಮಾಡಿದವಳ ನಾಲಿಗೆ ಮೆತ್ತಗಿರು ಅಂದರೆ ಹೇಗಿದ್ದೀತು?

ಮೂರು ವರ್ಷದ ಹಿಂದೆ ಆ ನಾಲಿಗೆಯೇ ಗೌರೀಶನನ್ನು ಓಡಿಸಿತು. ರೈತರಿಗೆ ಕಾಳು ಒಕ್ಕಿ ರಾಶಿ ಮಾಡುವ ಯಂತ್ರವನ್ನು ಬಾಡಿಗೆಗೆ ಗೊತ್ತುಮಾಡಿಕೊಡುವ ಆ್ಯಪನ್ನು ನಾವಿಬ್ಬರೂ ಸೇರಿ ಕಟ್ಟಿದ್ದೆವು. ಅವನು ಬರೆಯುವವನು, ನಾನು ಪರೀಕ್ಷಿಸುವವಳು. ಮದುವೆಯ ಮಾತು ಮನೆಯವರೆಗೂ ಬಂದಿತ್ತು. ಸವದತ್ತಿಯಲ್ಲಿ ಐವತ್ತು ರೈತರ ಮುಂದೆ ತೋರಿಸುವಾಗ ಆ್ಯಪ್ ಕೈಕೊಟ್ಟಿತು. ಒಂದೇ ಯಂತ್ರ ಒಂದೇ ಹೊತ್ತಿಗೆ ಇಬ್ಬರ ಪಾಲಾಯಿತು. ಎಲ್ಲರೂ ನಕ್ಕರು. ನಾನೂ ನಕ್ಕು, ಕೈಯಲ್ಲಿ ಮೈಕು ಹಿಡಿದುಕೊಂಡೇ ಅಂದೆ:

“ಬರಲಾರದ ಕೆಲಸಕ್ಕ ಯಾಕ ಕೈ ಹಾಕತಿಯೋ ಮಾರಾಯಾ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನವೇ ಅವನು ರಾಮದುರ್ಗದಾಚೆ ತೊರಗಲ್ಲಿನ ತನ್ನ ಮನೆಗೆ ಹೊರಟ. ಬಸ್ ಹತ್ತುವಾಗ ಹೇಳಿದ್ದು ಇಷ್ಟೇ:

“ನಾ ಬೇಕಂದ್ರ ನೀನ ಫೋನ್ ಹಚ್ಚು, ಶೈಲಾ. ಅಲ್ಲೀತನಕ ನಾ ಹಚ್ಚೂದಿಲ್ಲ.”

ನಾನು ಹಚ್ಚಲಿಲ್ಲ. ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಮೀಸೆಯಿಲ್ಲದ ನನಗೇ ಅಷ್ಟು ಸೊಕ್ಕು. ಅವನೂರಿಗೆ ಅರ್ಧ ದಿನವೂ ಬೇಡದ ಬಸ್ ದಾರಿ; ಮೂರು ವರ್ಷದಲ್ಲಿ ನಾನು ಒಮ್ಮೆಯೂ ಸವದತ್ತಿ ದಾಟಲಿಲ್ಲ.

ಆದರೆ ಒಂದು ಕಳ್ಳದಾರಿ ಇಟ್ಟುಕೊಂಡಿದ್ದೆ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಆ್ಯಪ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಶಟ್ಟೆವ್ವ ಎಂಬ, ಲೋಕದಲ್ಲೇ ಇಲ್ಲದ ರೈತ ಹೆಂಗಸಿನ ಹೆಸರಿಗೆ ಒಂದು ಯಂತ್ರ ಗೊತ್ತಾಗುತ್ತದೆ. ಆಮೇಲೆ ಅವಳ ಫೋನಿಗೆ ಸಂದೇಶ ಹೋಗುತ್ತದೆ: “ಯಂತ್ರ ಕಳಿಸಲೇ? ಬೇಕಿದ್ದರೆ 1, ಬೇಡವಾದರೆ 2 ಎಂದು ಉತ್ತರಿಸಿ.” ಮೊದಲ ದಿನ ಶಟ್ಟೆವ್ವನಿಗೊಂದು ನಂಬರ್ ಬೇಕಾದಾಗ ಗೌರೀಶ ನಗುತ್ತ ತನ್ನದೇ ಕೊಟ್ಟಿದ್ದ. ಪರೀಕ್ಷೆಯಲ್ಲಿ ನಿಜವಾದ ಮನುಷ್ಯರ ನಂಬರ್ ಇರಕೂಡದು, ಅದು ಈ ಕಸುಬಿನ ನೇಮ. ಅವನು ಹೋದ ಮೇಲೆ ನಾನು ತೆಗೆಯಬೇಕಿತ್ತು. ತೆಗೆಯಲಿಲ್ಲ. ಅದನ್ನು ಯಾರು ಉಳಿಸಿದ್ದಾರೆ, ಯಾಕೆ ಉಳಿಸಿದ್ದಾರೆ ಎಂದು ಅವನಿಗೂ ತಿಳಿಯದೇ ಇರಲಿಕ್ಕಿಲ್ಲ.

ಸಂದೇಶ ತಲುಪಿದರೆ ಪರದೆಯ ಮೇಲೆ ಹಸಿರು ಗುರುತು. ಅವನ ಫೋನ್ ಇದೆ, ಅವನಿದ್ದಾನೆ. ನನಗೆ ಅಷ್ಟೇ ಸಾಕಿತ್ತು. ಥೂ, ಸುಳ್ಳು! ಎಲ್ಲಿ ಸಾಕಾಗುತ್ತದೆ? ಅವನಿಂದ ಒಂದು ಉತ್ತರಕ್ಕಾಗಿ ಜೀವ ದಿನಾ ಹಪಹಪಿಸುತ್ತಿತ್ತು.

ಹೋದ ವಾರ ಪ್ರಜ್ಞಾ ಎಂಬ ಹೊಸ ಹುಡುಗಿ ಕೆಲಸಕ್ಕೆ ಸೇರಿದಳು. ಪರೀಕ್ಷೆಗೆ ನಿಜವಾದ ಸಂದೇಶ ಕಳಿಸುವುದನ್ನು ನಿಲ್ಲಿಸಿ, ನಾವು ಹೇಳಿಕೊಟ್ಟ ಉತ್ತರವನ್ನೇ ಒಪ್ಪಿಸುವ ನಕಲಿ ಸರ್ವರ್ ಹೂಡುವುದು ಅವಳ ಕೆಲಸ. ಪದ್ಧತಿಯೇನೋ ಸರಿಯಾದದ್ದೇ. ನನ್ನ ಕಳ್ಳದಾರಿ ಮಾತ್ರ ಅಲ್ಲಿಗೆ ಮುಚ್ಚುತ್ತಿತ್ತು. ನಕಲಿ ಸರ್ವರಿಗೆಂದು ಅವಳು, ಸಂದೇಶ ರವಾನಿಸುವ ಕಂಪನಿಯಿಂದ ಹಳೆಯ ದಾಖಲೆಗಳನ್ನೆಲ್ಲ ತರಿಸಿದ್ದಳು.

“ಅಕ್ಕಾರ, ಇಲ್ನೋಡ್ರಿ. ಶಟ್ಟೆವ್ವನ ನಂಬರಿನಿಂದ ದಿನಾ ಉತ್ತರ ಬಂದಾವ. ಬರೇ 1, 1, 1. ಎಂಟನೂರಾ ಹನ್ನೆರಡು ಸಲ! ಯಾರ್ರಿ ಇವ್ರು?”

ನಾನು ಪರೀಕ್ಷೆಯ ಹಳೆಯ ಸಾಲುಗಳನ್ನು ತೆರೆದು ನೋಡಿದೆ. ಉಂಡ ಜಾಗ ಒರೆಸದೆ ಏಳಬಾರದೆಂದು ನಮ್ಮವ್ವ ಬಡಿದು ಕಲಿಸಿದ್ದಳು. ಒಳ್ಳೆಯ ಪರೀಕ್ಷೆಗೂ ಅದೇ ರೀತಿ, ಮುಗಿದ ಮೇಲೆ ತನ್ನ ಗುರುತು ಉಳಿಸಬಾರದು. ಮೂರು ವರ್ಷದ ಹಿಂದೆ ಗೌರೀಶ ಊರಿಗೆ ಹೊರಟ ವಾರವೇ ನಾನು ಒಂದು ಸಾಲು ಬರೆದು ಸೇರಿಸಿದ್ದೆ: ಸಂದೇಶ ತಲುಪಿದ ಕೂಡಲೇ ಶಟ್ಟೆವ್ವನನ್ನು ಅಳಿಸಿಹಾಕು. ಅವನು ಫೋನ್ ಕೈಗೆತ್ತಿಕೊಂಡು 1 ಒತ್ತುವಷ್ಟರಲ್ಲಿ ಇಲ್ಲಿ ಶಟ್ಟೆವ್ವನೇ ಇರುತ್ತಿರಲಿಲ್ಲ. ಇಲ್ಲದವಳ ಉತ್ತರವೆಂದು ಆ್ಯಪ್ ಅದನ್ನು ಬಿಸಾಕುತ್ತಿತ್ತು. ಊರ ಮಂದಿಯ ತಪ್ಪೆಲ್ಲ ಹೆಕ್ಕಿದ ನನಗೆ ನನ್ನದು ಕಾಣಲಿಲ್ಲ.

“ಕಡೀಗೆ ಒಂದ 2 ಐತ್ರಿ,” ಅಂದಳು ಪ್ರಜ್ಞಾ. “ಒಂಬತ್ತ ತಿಂಗಳಾತು. ಆಮ್ಯಾಲ ಏನೂ ಇಲ್ಲ.”

ಆ ದಿನವೂ ನನ್ನ ಪರದೆ ಹಸಿರಾಗಿಯೇ ಇತ್ತು.

ಹೊರಗೆ ಮೆಟ್ಟಿಲಿಗೆ ಬಂದು, ಮೂರು ವರ್ಷ ಒತ್ತದ ನಂಬರನ್ನು ಒತ್ತಿದೆ. ಹೆಣ್ಣು ದನಿ ಬಂತು.

“ಯಾರ್ರಿ? ಅವ್ರು ಹೊಲಕ್ಕ ಹೋಗ್ಯಾರ, ಫೋನ್ ಮನ್ಯಾಗ ಬಿಟ್ಟಾರ. ನಾ ಅವ್ರ ಮನ್ಯಾಕಿ ಮಾತಾಡಾಕತ್ತೇನಿ.”

ನನ್ನ ನಾಲಿಗೆ ಮೆತ್ತಗಾದದ್ದು ಅದೇ ಮೊದಲು.

“ರಾಶಿ ಮಾಡೂ ಯಂತ್ರ ಬೇಕೇನು ಅಂತ ಕೇಳಾಕ ಹಚ್ಚಿದ್ದೆ, ತಂಗಿ.”

“ಬ್ಯಾಡ್ರಿ ಅಕ್ಕಾರ. ನಮ್ಮ ರಾಶಿ ಮುಗದೈತ್ರಿ,” ಅಂದಳು. ದನಿ ಒಳ್ಳೆಯವಳದು. ಬೈಯುವುದಕ್ಕೂ ಬಾರದ ಹಾಗೆ ಒಳ್ಳೆಯವಳದು.

ಮೆಟ್ಟಿಲ ಮೇಲೆ ಕೂತು ಅತ್ತೆ. ಮುಖ ತೊಳೆದು ಒಳಗೆ ಬಂದಾಗ ಪ್ರಜ್ಞಾ ಕಾಯುತ್ತಿದ್ದಳು.

“ಅಕ್ಕಾರ, ನಕಲಿ ಸರ್ವರ್ ತಯಾರಾತ್ರಿ. ಇನ್ನ ಯಾರಿಗೂ ಸಂದೇಶ ಹೋಗೂದಿಲ್ಲ. ಶಟ್ಟೆವ್ವನ ಉತ್ತರ ಏನ್ ಇಡ್ಲಿ? 1 ಏನು, 2 ಏನು?”

“1 ಇಡು.”

“ದಿನಾ ಅದನ್ನರೀ?”

“ದಿನಾ,” ಅಂದೆ. “ಮತ್ತ ಅದನ್ನ ಅಳಸಬ್ಯಾಡ.”